ಅಮ್ಮನ ನೋವಿನ ಪುಡಿ ನಿಲ್ಲಿಸಿದ ಒಂಬತ್ತನೇ ದಿನ: ಎಸಿಟಿಹೆಚ್ ಹಾರ್ಮೋನ್ ಬಗ್ಗೆ ಗೊತ್ತಿರೋರು ದಯವಿಟ್ಟು ಹೇಳಿ

ಹೇಮಾವತಿ ದಂಡೆ, ಸಕಲೇಶಪುರ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕು ಅಂತ ಮೂರು ವಾರದಿಂದ ಅಂದುಕೊಳ್ಳುತ್ತಿದ್ದೆ. ನಮ್ಮ ಕಡೆ ಮಂಡಿನೋವಿಗೆ ಪುಡಿ ತಿನ್ನೋರು ಬೇಕಾದಷ್ಟು ಜನ ಇದ್ದಾರೆ. ಅವರ ಮಕ್ಕಳು ಓದಲಿ ಅಂತ ಬರೆಯುತ್ತಿದ್ದೇನೆ.

ಅಮ್ಮನಿಗೆ 63 ವರ್ಷ. ನಾಲ್ಕು ವರ್ಷದ ಹಿಂದೆ ಮಂಡಿ ಊದಿಕೊಂಡು, ಕಣದಲ್ಲಿ ಕೂತು ಕಾಫಿ ಆರಿಸೋಕೂ ಆಗುತ್ತಿರಲಿಲ್ಲ. ಯಾರೋ ಹೇಳಿದರು ಅಂತ ಒಬ್ಬರ ಹತ್ತಿರ ಪುಡಿ ತರಿಸಿಕೊಂಡಳು. ಪೇಪರಿನಲ್ಲಿ ಮಡಚಿದ ಪೊಟ್ಟಣ. ಬೂದು ಬಣ್ಣ, ಬಾಯಿಗಿಟ್ಟರೆ ಕಹಿ. ದಿನಕ್ಕೆ ಎರಡು. ಮೂರನೇ ದಿನಕ್ಕೆ ನೋವು ಮಾಯ! ಅಮ್ಮ ಮತ್ತೆ ಬಟ್ಟಿ ಹಿಡಿದು ತೋಟಕ್ಕೆ ಹೋದಳು. ನಾವೆಲ್ಲ ಆ ಪುಡಿಗೆ ಕೈ ಮುಗಿದೆವು.

ಆಮೇಲೆ ಮುಖ ದುಂಡಗಾಯಿತು. ಮದುವೆಮನೆಯಲ್ಲಿ ನೆಂಟರು "ಮೈಕೈ ತುಂಬಿಕೊಂಡು ಚೆನ್ನಾಗಿ ಕಾಣ್ತೀಯ" ಅಂದರು. ಹೊಟ್ಟೆ ಬಂತು, ಆದರೆ ಕಾಲು ಸಣ್ಣಗಾಯಿತು. ಬಳೆ ತಾಗಿದರೂ ಮುಂಗೈ ಮೇಲೆ ನೇರಳೆ ಕಲೆ ಮೂಡುತ್ತಿತ್ತು. ಸಕ್ಕರೆ ಕಾಯಿಲೆಯೂ ಶುರುವಾಯಿತು. ಇದೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿ ಅಂತ ನಮಗೆ ಹೊಳೆಯಲೇ ಇಲ್ಲ.

ಈ ಸಲ ಕೊಯ್ಲಿನ ಹೊತ್ತಿಗೆ ಪುಡಿ ಕೊಡುವವರು ಊರಲ್ಲಿರಲಿಲ್ಲ. "ಒಳ್ಳೇದೇ ಆಯ್ತು, ಬಿಟ್ಟುಬಿಡು" ಅಂತ ನಾನೇ ಹೇಳಿದೆ. ಮೊದಲ ನಾಲ್ಕು ದಿನ ಮೈಕೈ ನೋವು. ಏಳನೇ ದಿನ ವಾಂತಿ ಶುರುವಾಯಿತು. ಹತ್ತಿರದ ಒಂದು ಕಡೆ ತೋರಿಸಿದಾಗ ಗ್ಯಾಸ್ಟ್ರಿಕ್ ಅಂತ ಡ್ರಿಪ್ ಹಾಕಿ ಕಳಿಸಿದರು. ಒಂಬತ್ತನೇ ದಿನ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದಳು. ಕೈ ಹಿಡಿದರೆ ತಣ್ಣಗೆ, ಬೆವರು. ಬಿಪಿ 80/50.

ಹಾಸನಕ್ಕೆ ಕರೆದುಕೊಂಡು ಹೋದೆವು. ಎಮರ್ಜೆನ್ಸಿಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅಮ್ಮನ ಮುಂಗೈ ತಿರುಗಿಸಿ ಆ ನೇರಳೆ ಕಲೆ ನೋಡಿದರು. ಬೆರಳಿಂದ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರು. ಸಿಗರೇಟ್ ಪೇಪರಿನಂತೆ ತೆಳ್ಳಗಿತ್ತು. "ನೋವಿಗೆ ಏನಾದ್ರೂ ತಗೋತಿದ್ರಾ? ಯಾವಾಗ ನಿಲ್ಲಿಸಿದ್ರಿ?" ಅಂತ ಕೇಳಿದರು. ಅಷ್ಟೇ. ರಕ್ತ ತೆಗೆದುಕೊಂಡರು. ರಿಪೋರ್ಟಿಗೆ ಕಾಯದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚಿದರು. ಸಲೈನ್ ಓಡಿಸಿದರು. ಎರಡು ಗಂಟೆ ಕಳೆದಿರಬೇಕು, ಅಮ್ಮ ಕಣ್ಣು ಬಿಟ್ಟು "ಮೋಡ ಆಗಿತ್ತಲ್ಲ, ಕಣದ ಕಾಫಿ ಗುಡ್ಡೆ ಮಾಡಿ ಮುಚ್ಚಿದ್ರಾ?" ಅಂತ ಕೇಳಿದಳು.

ಪುಡಿಯಲ್ಲಿ ಸ್ಟೀರಾಯ್ಡ್ ಇದ್ದಿರಬೇಕು ಅಂದರು. ರಿಪೋರ್ಟಿನಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನ್ 1.8, ತುಂಬಾ ಕಡಿಮೆ. ಎಸಿಟಿಹೆಚ್ 5ಕ್ಕಿಂತ ಕಡಿಮೆ. "ಎಸಿಟಿಹೆಚ್ ನಿದ್ದೆ ಹೋಗಿದೆ, ಎಬ್ಬಿಸೋಕೆ ತಿಂಗಳುಗಟ್ಟಲೆ ಬೇಕು" ಅಂದರು. ಈಗ ಬೆಳಗ್ಗೆ, ಮಧ್ಯಾಹ್ನ ಹೈಡ್ರೋಕಾರ್ಟಿಸೋನ್ ಮಾತ್ರೆ ನಡೆಯುತ್ತಿದೆ. ಈ ಎಸಿಟಿಹೆಚ್ ಅಂದರೆ ಏನು? ಅದು ಏಳುತ್ತಾ? ಗೊತ್ತಿರೋರು ನನಗೆ ಅರ್ಥ ಆಗೋ ಹಾಗೆ ಹೇಳಿ.

ನಿವೃತ್ತ ಮೇಷ್ಟ್ರು, ಹಾಸನ (ಸೋಮವಾರ, ರಾತ್ರಿ 11:15)

ತಾಯಿ, ಮೊದಲು ನಿಮ್ಮ ಅಮ್ಮ ಉಳಿದಿದ್ದಕ್ಕೆ ಸಂತೋಷ. ಆ ಡಾಕ್ಟರು ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಕೊಟ್ಟರಲ್ಲ, ಅದೇ ಜೀವ ಉಳಿಸಿತು. ನಾನು ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನು. ನಿಮ್ಮ ಪ್ರಶ್ನೆ ನನಗೆ ಬಹಳ ಪ್ರೀತಿಯದು.

ಎಸಿಟಿಹೆಚ್ ಅಂದರೆ 39 ಅಮೈನೊ ಆಮ್ಲ ಸಾಲಾಗಿ ಕೂಡಿದ ಒಂದು ಪುಟ್ಟ ಸರ. ಇಂಥ ಸರಗಳಿಗೆ ಪೆಪ್ಟೈಡ್ ಅಂತಾರೆ. ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ನೇತಾಡುತ್ತಿರುತ್ತೆ. ಅಲ್ಲಿ ಇದು ತಯಾರಾಗುತ್ತೆ. ಅಲ್ಲಿಂದ ರಕ್ತದಲ್ಲಿ ಹರಿದು ಎರಡು ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಮುಟ್ಟುತ್ತೆ. "ಕಾರ್ಟಿಸೋಲ್ ಮಾಡು" ಅಂತ ಹೇಳುತ್ತೆ. ಹೇಳಿದ ಮೇಲೆ ಜಾಸ್ತಿ ಹೊತ್ತು ಇರುವುದಿಲ್ಲ. ಹತ್ತು ನಿಮಿಷದಲ್ಲಿ ರಕ್ತದಲ್ಲಿರುವ ಅರ್ಧ ಕರಗಿಹೋಗಿರುತ್ತೆ.

ಪಿಟ್ಯುಟರಿಗೂ ಒಬ್ಬ ಯಜಮಾನ ಇದ್ದಾನೆ. ಅದರ ಮೇಲಿರುವ ಹೈಪೋಥಲಮಸ್. ಅದು ಕಳಿಸುವ ಸಂದೇಶಕ್ಕೆ ಸಿಆರ್‌ಹೆಚ್ ಅಂತ ಹೆಸರು. ಅದೂ ಪೆಪ್ಟೈಡೇ, 41 ಅಮೈನೊ ಆಮ್ಲದ್ದು. ಇಂಥದ್ದೊಂದು ಇರಲೇಬೇಕು ಅಂತ 1955ರಲ್ಲೇ ಗೊತ್ತಾಗಿತ್ತು. ಆದರೆ ಕೈಗೆ ಸಿಕ್ಕಿದ್ದು 1981ರಲ್ಲಿ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ವೈಲಿ ವೇಲ್ ಮತ್ತು ಅವರ ಜೊತೆಗಾರರು ಕುರಿಗಳ ಹೈಪೋಥಲಮಸ್‌ನಿಂದ ಅದನ್ನು ಬೇರ್ಪಡಿಸಿದರು. 26 ವರ್ಷದ ಹುಡುಕಾಟ! ಪ್ರತಿ ಕುರಿಯಲ್ಲೂ ಇರುವುದು ಕಣ್ಣಿಗೆ ಕಾಣದಷ್ಟು. ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತಿತ್ತು.

ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಸಂಜೆ ತೋಟದ ತಿರುವಿನಲ್ಲಿ ಆನೆ ಎದುರಾಯಿತು ಅನ್ನಿ. ಎದೆ ಡವಡವ ಅನ್ನೋದು, ಕಾಲು ತಾನಾಗಿ ಓಡೋದು ಸೆಕೆಂಡುಗಳ ಕೆಲಸ. ಅದು ನರ ಮತ್ತು ಅಡ್ರಿನಲಿನ್‌ದು. ಅದರ ಹಿಂದೆಯೇ ಸಿಆರ್‌ಹೆಚ್, ಎಸಿಟಿಹೆಚ್ ಹೊರಡುತ್ತವೆ. ನೀವು ಮನೆ ಸೇರಿ, ಬಾಗಿಲು ಹಾಕಿ, ನೀರು ಕುಡಿಯುವ ಹೊತ್ತಿಗೆ, ಅಂದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ, ಕಾರ್ಟಿಸೋಲ್ ಮೇಲೇರಿರುತ್ತೆ. ರಕ್ತಕ್ಕೆ ಸಕ್ಕರೆ ಒದಗಿಸುತ್ತೆ. ಬಿಪಿ ಬೀಳದಂತೆ ಹಿಡಿಯುತ್ತೆ. ಊತವನ್ನು ಮಿತಿಯಲ್ಲಿಡುತ್ತೆ. ಜ್ವರ, ಆಪರೇಷನ್, ಗಾಯ, ಯಾವುದೇ ಬಂದರೂ ಇದೇ ಸರಪಳಿ. ನಿಮ್ಮ ಅಮ್ಮನಿಗೆ ಆ ದಿನ ಇದೇ ಇರಲಿಲ್ಲ.

ಯಾಕಿರಲಿಲ್ಲ ಅಂದರೆ, ಕಾರ್ಟಿಸೋಲ್ ಸಾಕಷ್ಟಾದಾಗ ಅದೇ ಮೇಲಕ್ಕೆ ಹೋಗಿ "ಸಾಕು" ಅನ್ನುತ್ತೆ. ಆಗ ಎಸಿಟಿಹೆಚ್ ಇಳಿಯುತ್ತೆ. ಪುಡಿಯೊಳಗಿನ ಸ್ಟೀರಾಯ್ಡ್ ಕೂಡ ಕಾರ್ಟಿಸೋಲ್ ಹಾಗೇ ಕೆಲಸ ಮಾಡುವಂಥದ್ದು. ಅದು ನಾಲ್ಕು ವರ್ಷ ದಿನಾ ಎರಡು ಹೊತ್ತು "ಸಾಕು, ಸಾಕು" ಅಂತಲೇ ಇತ್ತು.

ಎಸ್ಟೇಟ್ ರೈಟರ್, ಮೂಡಿಗೆರೆ (ಮಂಗಳವಾರ, ಬೆಳಗ್ಗೆ 6:05)

ಮೇಷ್ಟ್ರೇ, ನನಗೆ ಅರ್ಥವಾಗಿದ್ದು ಹೀಗೆ. ಸರಿಯಾ ನೋಡಿ.

ಸಾಹುಕಾರ್ರು ಹೇಳ್ತಾರೆ, ರೈಟರ್, ಅಂದರೆ ತೋಟದ ಗುಮಾಸ್ತ, ಆಳುಗಳನ್ನು ಕರೀತಾನೆ, ಲೈನ್ ಮನೆಯೋರು, ಅಂದರೆ ತೋಟದ ಸಾಲುಮನೆಯ ಕೆಲಸದವರು, ಬಂದು ಕೆಲಸ ಮಾಡ್ತಾರೆ. ಈಗ ಹೊರಗಿನಿಂದ ಕಂಟ್ರಾಕ್ಟ್ ಗ್ಯಾಂಗ್ ಬಂದು ನಾಲ್ಕು ವರ್ಷ ಎಲ್ಲ ಕೆಲಸ ಮಾಡಿತು ಅನ್ನಿ. ರೈಟರ್ ಕರೆಯೋದು ಬಿಟ್ಟ. ಕರೆಯೋರಿಲ್ಲ ಅಂತ ಲೈನ್ ಮನೆಯೋರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಒಂದು ದಿನ ಗ್ಯಾಂಗ್ ಬರಲಿಲ್ಲ. ಹಣ್ಣು ಗಿಡದಲ್ಲೇ ಉದುರುತ್ತಿದೆ. ರೈಟರ್ ಹೋಗಿ ಕರೆದರೂ ಲೈನ್ ಮನೆಯಲ್ಲಿ ಯಾರಿದ್ದಾರೆ?

ನಮ್ಮ ತೋಟದಲ್ಲೇ ಇದು ನಡೆದಿದೆ. ಮತ್ತೆ ಜನ ಕೂಡಿಸೋಕೆ ಎರಡು ಕೊಯ್ಲು ಬೇಕಾಯಿತು.

ನಿವೃತ್ತ ಮೇಷ್ಟ್ರು, ಹಾಸನ (ಮಂಗಳವಾರ, ಬೆಳಗ್ಗೆ 7:30)

ರೈಟರೇ, ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಲೈನ್ ಮನೆ ಖಾಲಿಯಾಗೋದು ಕೂಡ ನಿಜ. ಎಸಿಟಿಹೆಚ್ ಕರೆ ಇಲ್ಲದಿದ್ದರೆ ಅಡ್ರಿನಲ್‌ನ ಹೊರಪದರ ಸೊರಗಿ ತೆಳ್ಳಗಾಗುತ್ತೆ. ಆಮೇಲೆ ಮೊದಲು ಎಚ್ಚರಗೊಳ್ಳುವುದು ಹೈಪೋಥಲಮಸ್ ಮತ್ತು ಪಿಟ್ಯುಟರಿ. ಅಡ್ರಿನಲ್ ಕೊನೆಗೆ. ಎಲ್ಲ ಸೇರಿ ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷ ಹಿಡಿಯುತ್ತೆ. ಸಕಲೇಶಪುರದ ತಾಯಿ, ಆ ಮಾತ್ರೆಯನ್ನು ಡಾಕ್ಟರು ಇಳಿಸುವ ಲೆಕ್ಕದಲ್ಲೇ ಇಳಿಸಿ. ಒಂದು ದಿನವೂ ನೀವಾಗಿ ಬಿಡಬೇಡಿ.

ಹಳ್ಳಿ ನರ್ಸ್, ಹೆತ್ತೂರು ಕಡೆ (ಮಂಗಳವಾರ, ಮಧ್ಯಾಹ್ನ 2:20)

ಅಕ್ಕಾ, ನಾನು ಕೆಲಸದ ಮಾತು ಹೇಳ್ತೀನಿ. ಇದನ್ನು ಮನೆಯೋರೆಲ್ಲ ಕಲಿತುಕೊಳ್ಳಿ.

ಅಮ್ಮನಿಗೆ ಜ್ವರ ಬಂದರೆ ಮಾತ್ರೆ ಎಷ್ಟು ಜಾಸ್ತಿ ಮಾಡಬೇಕು ಅಂತ ಡಾಕ್ಟರ ಹತ್ತಿರ ಇವತ್ತೇ ಬರೆಸಿಕೊಳ್ಳಿ. ಸಾಮಾನ್ಯವಾಗಿ ಎರಡು ಪಟ್ಟು ಅಥವಾ ಮೂರು ಪಟ್ಟು ಮಾಡಿಸ್ತಾರೆ. ವಾಂತಿ ಆಗಿ ಮಾತ್ರೆ ಹೊಟ್ಟೇಲಿ ನಿಲ್ಲದಿದ್ದರೆ ಕಾಯಬೇಡಿ. ಇಂಜೆಕ್ಷನ್ನೇ ಬೇಕು. ಹಲ್ಲು ಕೀಳಿಸೋದಿರಲಿ, ಕಣ್ಣಿನ ಪೊರೆ ಆಪರೇಷನ್ ಇರಲಿ, ಮೊದಲೇ ಹೇಳಿ.

ಒಂದು ಚೀಟಿ ಮಾಡಿ. "ನಾನು ಸ್ಟೀರಾಯ್ಡ್ ಮಾತ್ರೆಯ ಮೇಲೆ ಇದ್ದೇನೆ. ಪ್ರಜ್ಞೆ ತಪ್ಪಿದ್ದರೆ, ವಾಂತಿ ಇದ್ದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ತಕ್ಷಣ ಕೊಡಿ." ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಷನ್ ಮಾಡಿಸಿ. ಒಂದು ಅಮ್ಮನ ಪರ್ಸಿನಲ್ಲಿ, ಒಂದು ಫ್ರಿಜ್ ಬಾಗಿಲಿಗೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಸಕಲೇಶಪುರ ಮುಟ್ಟೋಕೆ ಮೂರು ಗಂಟೆ. ಅದಕ್ಕೆ ಇಂಜೆಕ್ಷನ್ ವಯಲ್ ಮನೇಲೇ ಇಟ್ಟುಕೊಳ್ಳಬಹುದಾ ಅಂತಲೂ ಡಾಕ್ಟರನ್ನು ಕೇಳಿ. ತೊಡೆಗೆ ಕೊಡೋದನ್ನು ಮನೆಯೋರು ಕಲಿಯಬಹುದು. ಬೇಕಾದರೆ ನಾನೇ ಬಂದು ತೋರಿಸ್ತೀನಿ.

ಲ್ಯಾಬ್ ಕೆಲಸದವನು, ಹಾಸನ (ಮಂಗಳವಾರ, ರಾತ್ರಿ 8:50)

ಇಲ್ಲಿ ಒಂದು ಮಾತು ಸೇರಿಸಬೇಕು. ಎಸಿಟಿಹೆಚ್ ತುಂಬಾ ನಾಜೂಕು. ರಕ್ತ ತೆಗೆದು ಟ್ಯೂಬನ್ನು ಮೇಜಿನ ಮೇಲೆ ಹಾಗೇ ಬಿಟ್ಟರೆ ರಕ್ತದಲ್ಲಿರುವ ಕಿಣ್ವಗಳೇ ಅದನ್ನು ತುಂಡು ಮಾಡುತ್ತವೆ. ಆಮೇಲೆ ರಿಪೋರ್ಟಿನಲ್ಲಿ ಕಡಿಮೆ ಅಂತ ಬರುತ್ತೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ಮೊದಲೇ ತಣ್ಣಗೆ ಮಾಡಿರಬೇಕು. ರಕ್ತ ತುಂಬಿದ ಕೂಡಲೇ ಐಸ್ ನೀರಿನಲ್ಲಿ ಮುಳುಗಿಸಬೇಕು. ಬೇಗ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಬೇರೆ ಮಾಡಿ ಫ್ರೀಜರ್‌ಗೆ ಹಾಕಬೇಕು. ಎಷ್ಟೋ ಕಡೆ ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತೆ. ಅದು ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಹೋಗಬೇಕು.

ಹಾಗಾಗಿ ರಕ್ತ ಕೊಡುವಾಗ ಸುಮ್ನೆ ಕೂರಬೇಡಿ. "ಐಸ್ ಇದೆಯಾ ಅಣ್ಣ?" ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಂದು, ಸಮಯ. ಬೆಳಗ್ಗೆ 8ರ ಸುಮಾರಿಗೇ ಕೊಡಬೇಕು. ಎಸಿಟಿಹೆಚ್ ಮತ್ತು ಕಾರ್ಟಿಸೋಲ್ ಬೆಳಗಿನ ಜಾವ ಏರಿ ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತವೆ. ಮಧ್ಯಾಹ್ನ ಮೂರಕ್ಕೆ ಕೊಟ್ಟ ರಕ್ತವನ್ನು ಬೆಳಗಿನ ಲೆಕ್ಕಕ್ಕೆ ಹಿಡಿದು ಹೆದರಿಕೊಂಡವರನ್ನು ನೋಡಿದ್ದೇನೆ. ಹೈಡ್ರೋಕಾರ್ಟಿಸೋನ್ ತಗೊಳ್ಳೋರು ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಆ ಮಾತ್ರೆಯೇ ಕಾರ್ಟಿಸೋಲ್ ತಾನೇ, ಹೊಟ್ಟೆಗೆ ಹೋದರೆ ಲೆಕ್ಕ ಕೆಡುತ್ತೆ. ಹಿಂದಿನ ದಿನದ ಮಾತ್ರೆ ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಮಾತ್ರ ಡಾಕ್ಟರೇ ಹೇಳಬೇಕು.

ಡ್ಯೂಟಿ ಮುಗಿಸಿದವನು, ಆಲೂರು (ಬುಧವಾರ, ಬೆಳಗ್ಗೆ 9:10)

ನನ್ನದು ನೈಟ್ ಶಿಫ್ಟ್. ಟೆನ್ಷನ್ ಜಾಸ್ತಿ, ಹೊಟ್ಟೆ ಬಂದಿದೆ. ಮೊಬೈಲಿನಲ್ಲಿ ದಿನಾ "ನಿಮ್ಮ ಕಾರ್ಟಿಸೋಲ್ ಜಾಸ್ತಿಯಾಗಿದೆ, ನಿಮ್ಮ ಅಡ್ರಿನಲ್ ಸುಸ್ತಾಗಿದೆ, ಈ ಪೌಡರ್ ಕುಡಿಯಿರಿ" ಅಂತ ಬರುತ್ತೆ. ನಾನೂ ಟೆಸ್ಟ್ ಮಾಡಿಸಲಾ? ಕಾಫಿ ಬಿಡಬೇಕಾ?

ನಿವೃತ್ತ ಮೇಷ್ಟ್ರು, ಹಾಸನ (ಬುಧವಾರ, ಬೆಳಗ್ಗೆ 11:00)

ತಮ್ಮಾ, ಆ ಪೌಡರ್ ತಗೊಳ್ಳಬೇಡ. ಈ ಚರ್ಚೆ ಶುರುವಾಗಿದ್ದೇ ಒಂದು ಪುಡಿಯಿಂದ. "ಅಡ್ರಿನಲ್ ಸುಸ್ತು" ಅನ್ನೋ ಕಾಯಿಲೆಯನ್ನು ಹಾರ್ಮೋನ್ ತಜ್ಞರು ಒಪ್ಪಿಲ್ಲ. ದಿನನಿತ್ಯದ ಟೆನ್ಷನ್‌ನಿಂದ ಅಡ್ರಿನಲ್ ಬರಿದಾಗುವುದಿಲ್ಲ.

ಕಾರ್ಟಿಸೋಲ್ ನಿಜವಾಗಿ ಮಿತಿ ಮೀರುವ ಕಾಯಿಲೆ ಇದೆ. ಪಿಟ್ಯುಟರಿಯಲ್ಲಿ ಒಂದು ಸಣ್ಣ ಗಡ್ಡೆ ಬೆಳೆದು ಎಸಿಟಿಹೆಚ್ ಅನ್ನು ಕಂಡಾಪಟ್ಟೆ ಸುರಿಯುತ್ತೆ. ಹಾರ್ವೆ ಕುಶಿಂಗ್ ಅನ್ನೋ ಶಸ್ತ್ರಚಿಕಿತ್ಸಕರು 1932ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರೇ ಕಾಯಿಲೆಗೆ ನಿಂತಿದೆ. ಗಡ್ಡೆ ಎಷ್ಟೋ ಸಲ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ಮೂಗಿನ ಮೂಲಕ ಹೋಗಿ ತೆಗೆಯುತ್ತಾರೆ. ಹೊಟ್ಟೆ ಮೇಲೆ ಬೆರಳಗಲದ ಕೆಂಪು-ನೇರಳೆ ಗೆರೆ, ಕೂತಲ್ಲಿಂದ ಕೈ ಊರದೆ ಏಳಲಾಗದಷ್ಟು ತೊಡೆ ಸೋಲುವುದು, ಸುಮ್ನೆ ತಾಗಿದರೂ ಚರ್ಮ ಕಪ್ಪಗಟ್ಟುವುದು, ಇವಿದ್ದರೆ ಡಾಕ್ಟರಿಗೆ ತೋರಿಸು. ಬರೀ ಹೊಟ್ಟೆ ಇದ್ದರೆ ಆ ಸಾಧ್ಯತೆ ತುಂಬಾ ಕಡಿಮೆ.

ಕಾಫಿ ಕುಡಿದಾಗ ಎಸಿಟಿಹೆಚ್ ಸ್ವಲ್ಪ ಏರೋದು ನಿಜ. ದಿನಾ ಕುಡಿಯೋರಲ್ಲಿ ಆ ಏರಿಕೆ ಮೊಂಡಾಗುತ್ತೆ. ನಿನಗೆ ಬೇಕಾಗಿರೋದು ನಿದ್ದೆ. ಶಿಫ್ಟ್ ಮುಗಿದ ಮೇಲೆ ಕತ್ತಲೆ ಕೋಣೆಯಲ್ಲಿ ಏಳು ಗಂಟೆ ಮಲಗು. ಮಲಗುವ ಮುಂಚಿನ ಲೋಟ ಮಾತ್ರ ಬಿಡು.

ಎರಡು ಮಕ್ಕಳ ಅಪ್ಪ, ಬೇಲೂರು (ಬುಧವಾರ, ರಾತ್ರಿ 10:30)

ಎಸಿಟಿಹೆಚ್ ಅಂತ ತಲೆಬರಹ ನೋಡಿ ಒಳಗೆ ಬಂದೆ. ನಮಗೆ ಅದು ಔಷಧಿ.

ನನ್ನ ಎರಡನೇ ಮಗ ಆರು ತಿಂಗಳಿದ್ದಾಗ, ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಗ್ಗಿಸಿ ಎರಡೂ ಕೈ ಎತ್ತಿಬಿಡುತ್ತಿದ್ದ. ಯಾರಿಗೋ ನಮಸ್ಕಾರ ಮಾಡೋ ಹಾಗೆ. ಒಂದರ ಹಿಂದೆ ಒಂದು, ಇಪ್ಪತ್ತು ಮೂವತ್ತು ಸಲ. ಪ್ರತಿ ಸಲ ಆದ ಮೇಲೆ ಅಳುತ್ತಿದ್ದ. ಅಜ್ಜಿ ಹೊಟ್ಟೆನೋವು ಅಂದರು, ದೃಷ್ಟಿ ತೆಗೆದರು. ಒಂದು ಕಡೆ ಗ್ಯಾಸ್ ಡ್ರಾಪ್ಸ್ ಕೊಟ್ಟರು. ಆಡುತ್ತಿದ್ದ ಮಗು ನಗುವುದನ್ನೇ ನಿಲ್ಲಿಸಿತು. ಅದು ಬಹಳ ಸಂಕಟದ್ದು.

ನನ್ನ ಹೆಂಡತಿ ಮೊಬೈಲಿನಲ್ಲಿ ವಿಡಿಯೊ ಮಾಡಿ ಮಕ್ಕಳ ನರರೋಗ ತಜ್ಞರಿಗೆ ತೋರಿಸಿದಳು. ಹತ್ತು ಸೆಕೆಂಡ್ ನೋಡಿದ್ದೇ ಅವರು ಇಇಜಿ, ಅಂದರೆ ಮೆದುಳಿನ ಅಲೆಗಳ ಪರೀಕ್ಷೆ, ಮಾಡಿಸಿದರು. ವೆಸ್ಟ್ ಸಿಂಡ್ರೋಮ್, ಎಳೆ ಮಕ್ಕಳಿಗೆ ಬರುವ ಒಂದು ಬಗೆಯ ಮೂರ್ಛೆರೋಗ. ಎಸಿಟಿಹೆಚ್ ಇಂಜೆಕ್ಷನ್ ದಿನಾ ತೊಡೆಗೆ. ಮಗುವಿನ ಕೆನ್ನೆ ಉಬ್ಬಿತು, ರಾತ್ರಿಯಿಡೀ ಹಠ, ಬಿಪಿ ನೋಡುತ್ತಲೇ ಇರಬೇಕಿತ್ತು. ಸೋಂಕು ತಗುಲದಿರಲಿ ಅಂತ ಯಾರನ್ನೂ ಮನೆಗೆ ಸೇರಿಸಲಿಲ್ಲ. ಹನ್ನೊಂದನೇ ದಿನ ಆ ನಮಸ್ಕಾರ ನಿಂತಿತು. ಆಮೇಲೆ ಡೋಸನ್ನು ನಿಧಾನಕ್ಕೆ ಇಳಿಸಿದರು.

ಈಗ ಮೂರು ವರ್ಷ. ಮಾತು ಸ್ವಲ್ಪ ತಡ. ಆದರೆ ನನ್ನ ಹೆಗಲೇರಿ ದೇವಸ್ಥಾನದ ಆನೆ ಸಾಲು ಎಣಿಸುತ್ತಾನೆ. ಮಗು ಹೀಗೆ ಬಗ್ಗಿ ಬಗ್ಗಿ ಎದ್ದರೆ ಒಂದು ದಿನವೂ ಕಾಯಬೇಡಿ. ವಿಡಿಯೊ ಮಾಡಿ ಓಡಿ.

ನಿವೃತ್ತ ಮೇಷ್ಟ್ರು, ಹಾಸನ (ಗುರುವಾರ, ಬೆಳಗ್ಗೆ 6:45)

ಬೇಲೂರಿನ ತಮ್ಮಾ, ನಿನ್ನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಆ ಕಾಯಿಲೆಗೆ ಹೆಸರು ಕೊಟ್ಟ ಡಾಕ್ಟರ್ ವೆಸ್ಟ್ ಕೂಡ ಒಬ್ಬ ಅಪ್ಪ. 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಕಾಗದ ಬರೆದು, ತನ್ನ ಸ್ವಂತ ಮಗನ ಸೆಳೆತವನ್ನು ವಿವರಿಸಿ, ಯಾರಿಗಾದರೂ ಗೊತ್ತಿದ್ದರೆ ಹೇಳಿ ಅಂತ ಕೇಳಿಕೊಂಡಿದ್ದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಎಸಿಟಿಹೆಚ್ ಕೆಲಸ ಮಾಡುತ್ತೆ ಅಂತ ಗೊತ್ತಾಗಿದ್ದು 1958ರಲ್ಲಿ. ಹೇಗೆ ಕೆಲಸ ಮಾಡುತ್ತೆ ಅನ್ನೋದು ಇವತ್ತಿಗೂ ಪೂರ್ತಿ ಬಿಡಿಸಿಲ್ಲ. ಕಾರ್ಟಿಸೋಲ್ ಏರಿಸುವುದರ ಜೊತೆಗೆ ಮೆದುಳಿನ ಮೇಲೆ ನೇರ ಪರಿಣಾಮವೂ ಇರಬಹುದು ಅನ್ನುತ್ತಾರೆ.

ದತ್ತಪೀಠದ ದಾರಿ, ಚಿಕ್ಕಮಗಳೂರು (ಗುರುವಾರ, ಮಧ್ಯಾಹ್ನ 1:15)

ಮೇಷ್ಟ್ರೇ, ನಮ್ಮ ಅಣ್ಣನಿಗೆ ಕಾರ್ಟಿಸೋಲ್ ಕಡಿಮೆ, ಆದರೆ ಎಸಿಟಿಹೆಚ್ ಸಾವಿರ ದಾಟಿದೆ. ಅಕ್ಕನ ಅಮ್ಮನಿಗೆ ಎರಡೂ ಕಡಿಮೆ. ಇದು ಹೇಗೆ? ಅಣ್ಣ ಎರಡು ವರ್ಷದಿಂದ ಕಪ್ಪಗಾಗುತ್ತಿದ್ದ. ತೋಟದ ಬಿಸಿಲು ಅಂದುಕೊಂಡಿದ್ದೆವು. ಉಪ್ಪಿನಕಾಯಿ ಜಾಡಿಗೆ ಕೈ ಹಾಕಿ ಬರೀ ಉಪ್ಪಿನ ರಸ ನೆಕ್ಕುತ್ತಿದ್ದ.

ನಿವೃತ್ತ ಮೇಷ್ಟ್ರು, ಹಾಸನ (ಗುರುವಾರ, ಸಂಜೆ 5:00)

ಒಳ್ಳೆಯ ಪ್ರಶ್ನೆ ಮಗಳೇ. ನಿಮ್ಮ ಅಣ್ಣನಿಗೆ ಅಡ್ರಿನಲ್ಲೇ ಹಾಳಾಗಿದೆ. ರೈಟರ್ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾನೆ, ಲೈನ್ ಮನೆ ಸುಟ್ಟುಹೋಗಿದೆ. ಅದಕ್ಕೆ ಎಸಿಟಿಹೆಚ್ ಸಾವಿರ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಇದನ್ನು ಮೊದಲು ಬರೆದರು. ಆಗ ಮುಖ್ಯ ಕಾರಣ ಕ್ಷಯ. ನಮ್ಮ ದೇಶದಲ್ಲಿ ಈಗಲೂ ಕ್ಷಯವನ್ನು ನೋಡಲೇಬೇಕು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದಾರಾ ಕೇಳಿ.

ಕಪ್ಪಗಾಗೋದಕ್ಕೆ ಕಾರಣ ಈ ಹಾರ್ಮೋನಿನ ಹುಟ್ಟಿನಲ್ಲೇ ಇದೆ. ಎಸಿಟಿಹೆಚ್ ಒಂದು ದೊಡ್ಡ ಪ್ರೋಟೀನಿನಿಂದ ಕತ್ತರಿಸಿಕೊಂಡು ಬರುತ್ತೆ. ಅದರ ಮೊದಲ 13 ಅಮೈನೊ ಆಮ್ಲಗಳ ಸಾಲು, ಚರ್ಮಕ್ಕೆ ಬಣ್ಣ ಕೊಡಿಸುವ ಎಂಎಸ್‌ಹೆಚ್ ಹಾರ್ಮೋನಿನ ಸಾಲೇ. ಎಸಿಟಿಹೆಚ್ ವಿಪರೀತ ಆದಾಗ ಚರ್ಮದ ಬಣ್ಣದ ಕೋಶಗಳೂ ಅದರ ಮಾತು ಕೇಳಿಸಿಕೊಳ್ಳುತ್ತವೆ. ಅಣ್ಣನ ಅಂಗೈ ಗೆರೆ, ವಸಡು, ಹಳೆ ಗಾಯದ ಕಲೆ ನೋಡಿ. ಬಿಸಿಲು ಬೀಳದ ಜಾಗವೂ ಕಪ್ಪಗಿರುತ್ತೆ. ಉಪ್ಪಿನ ಆಸೆ ಯಾಕೆ ಅಂದರೆ, ಉಪ್ಪು ಹಿಡಿದಿಡುವ ಆಲ್ಡೋಸ್ಟಿರೋನ್ ಕೂಡ ಆ ಗ್ರಂಥಿಯದ್ದೇ. ಅದೂ ಹೋಗಿದೆ.

ಪಿಟ್ಯುಟರಿ ಕಡೆ ತೊಂದರೆ ಇದ್ದು ಎಸಿಟಿಹೆಚ್ಚೇ ಇಲ್ಲದವರು ಇದಕ್ಕೆ ಉಲ್ಟಾ. ಅವರು ಬಿಳಿಚಿಕೊಳ್ಳುತ್ತಾರೆ. ಹೆರಿಗೆಯಲ್ಲಿ ರಕ್ತ ವಿಪರೀತ ಹೋಗಿ, ಎದೆಹಾಲು ಬಾರದೆ, ಮುಟ್ಟು ಮತ್ತೆ ಬಾರದೆ, ವರ್ಷಗಟ್ಟಲೆ ಸುಸ್ತಾಗಿ ಬಿಳಿಚಿಕೊಂಡ ಹೆಂಗಸರನ್ನು ನೀವು ನೋಡಿರಬಹುದು. ಅದಕ್ಕೆ ಶೀಹನ್ ಸಿಂಡ್ರೋಮ್ ಅಂತಾರೆ. ರಕ್ತ ಸಾಲದೆ ಪಿಟ್ಯುಟರಿ ಸತ್ತಿರುತ್ತೆ. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಕಾರಣವನ್ನೂ ನೆನಪಿಡಬೇಕು. ಕೊಳಕುಮಂಡಲ ಹಾವಿನ ಕಡಿತ. ಅದರ ವಿಷದಿಂದ ರಕ್ತದ ಹೆಪ್ಪುಗಟ್ಟುವಿಕೆ ಕೆಟ್ಟು ಕೆಲವರ ಪಿಟ್ಯುಟರಿಗೆ ಏಟು ಬೀಳುತ್ತೆ. ಲಕ್ಷಣ ಗೊತ್ತಾಗೋದು ಎಷ್ಟೋ ಸಲ ತಿಂಗಳುಗಳ, ವರ್ಷಗಳ ನಂತರ.

ಅಡಿಕೆ ತೋಟ, ಕೊಪ್ಪ (ಗುರುವಾರ, ರಾತ್ರಿ 11:50)

ಮೇಷ್ಟ್ರೇ, ನಿಮ್ಮ ಕೊನೆಯ ಸಾಲು ಓದಿ ಕೈ ನಡುಗುತ್ತಿದೆ.

ನಮ್ಮ ಅಪ್ಪನಿಗೆ ಎರಡು ವರ್ಷದ ಹಿಂದೆ ತೋಟದ ತರಗೆಲೆಯಲ್ಲಿ ಕೊಳಕುಮಂಡಲ ಕಚ್ಚಿತ್ತು. ಕಿಡ್ನಿ ನಿಂತು ಎಂಟು ಸಲ ಡಯಾಲಿಸಿಸ್ ಆಯಿತು. ಬದುಕಿ ಬಂದರು. ಆಮೇಲಿಂದ ಅಪ್ಪ ಮೊದಲಿನ ಅಪ್ಪ ಅಲ್ಲ. ಬಿಳಿಚಿಕೊಂಡಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರ್. ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುತ್ತಿದ್ದವರಿಗೆ ಈಗ ಹದಿನೈದು ದಿನವಾದರೂ ಗಡ್ಡ ಬರಲ್ಲ. ಊರಲ್ಲಿ "ವಿಷ ಪೂರ್ತಿ ಇಳಿದಿಲ್ಲ" ಅಂತಾರೆ. ಹೋದ ತಿಂಗಳು ಒಂದು ಕಡೆ ಥೈರಾಯ್ಡ್ ಕಡಿಮೆ ಅಂತ ಮಾತ್ರೆ ಶುರು ಮಾಡಿದರು. ಅದಾದ ಮೇಲೆ ಇನ್ನೂ ಸುಸ್ತು. ನಿನ್ನೆ ಎದ್ದು ನಿಂತವರು ತಲೆ ಸುತ್ತಿ ಕೂತುಬಿಟ್ಟರು.

ನಿವೃತ್ತ ಮೇಷ್ಟ್ರು, ಹಾಸನ (ಶುಕ್ರವಾರ, ಬೆಳಗಿನ ಜಾವ 5:10)

ಈಗಷ್ಟೇ ನೋಡಿದೆ. ತಡ ಮಾಡಬೇಡಿ. ಇವತ್ತೇ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಎರಡು ಮಾತು ಬಾಯಿಬಿಟ್ಟು ಹೇಳಿ. ಒಂದು, ಹಾವು ಕಚ್ಚಿ ಡಯಾಲಿಸಿಸ್ ಆಗಿತ್ತು. ಎರಡು, ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಜಾಸ್ತಿಯಾಯಿತು. ಬೆಳಗಿನ ಕಾರ್ಟಿಸೋಲ್ ನೋಡಲು ಕೇಳಿ. ಸೋಡಿಯಂ ಕೂಡ.

ಯಾಕೆ ಈ ಅವಸರ ಅಂದರೆ, ಥೈರಾಯ್ಡ್ ಹಾರ್ಮೋನ್ ಮೈಯ ಕೆಲಸದ ವೇಗ ಹೆಚ್ಚಿಸುತ್ತೆ. ಇದ್ದ ಸ್ವಲ್ಪ ಕಾರ್ಟಿಸೋಲ್ ಕೂಡ ಬೇಗ ಖರ್ಚಾಗುತ್ತೆ. ಎಸಿಟಿಹೆಚ್ ಇಲ್ಲದವರಿಗೆ ಮೊದಲು ಹೈಡ್ರೋಕಾರ್ಟಿಸೋನ್ ಕೊಟ್ಟು, ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು. ಈ ಕ್ರಮ ತಪ್ಪಿದರೆ ಅಪಾಯ. ದಾರಿಯಲ್ಲಿ ವಾಂತಿ ಆದರೆ, ಮಾತು ತೊದಲಿದರೆ ನೇರ ಎಮರ್ಜೆನ್ಸಿಗೆ ಹೋಗಿ.

ಹಳ್ಳಿ ನರ್ಸ್, ಹೆತ್ತೂರು ಕಡೆ (ಶುಕ್ರವಾರ, ಬೆಳಗ್ಗೆ 6:30)

ಅಣ್ಣಾ, ಹೊರಟ್ರಾ? ಹಳೇ ಡಿಸ್ಚಾರ್ಜ್ ಕಾಗದ ಎಲ್ಲ ಕವರಿಗೆ ಹಾಕಿಕೊಳ್ಳಿ. ಹಾವು ಕಚ್ಚಿದ್ದರ ಕಾಗದ ಮೇಲೇ ಇರಲಿ.

ಉಸಿರು, ಅರಸೀಕೆರೆ (ಶುಕ್ರವಾರ, ರಾತ್ರಿ 8:00)

ಇದೆಲ್ಲ ಓದಿ ನನ್ನ ಅಸ್ತಮಾ ಇನ್ಹೇಲರ್ ಬಗ್ಗೆ ಭಯ ಆಗಿದೆ. ಅದರಲ್ಲೂ ಸ್ಟೀರಾಯ್ಡ್ ಇದೆಯಂತೆ. ನಿಲ್ಲಿಸಲಾ?

ನಿವೃತ್ತ ಮೇಷ್ಟ್ರು, ಹಾಸನ (ಶುಕ್ರವಾರ, ರಾತ್ರಿ 8:20)

ನಿಲ್ಲಿಸಬೇಡಿ, ದಯವಿಟ್ಟು. ಇನ್ಹೇಲರಿನ ಮಾಮೂಲು ಡೋಸ್ ಮೈಕ್ರೋಗ್ರಾಂ ಲೆಕ್ಕದ್ದು. ಬಹುಪಾಲು ಶ್ವಾಸಕೋಶದಲ್ಲೇ ಕೆಲಸ ಮಾಡುತ್ತೆ. ಅದನ್ನು ಬಿಟ್ಟರೆ ಅಸ್ತಮಾ ಕೆರಳಿ ಜೀವಕ್ಕೆ ಬರುತ್ತೆ. ಸ್ಟೀರಾಯ್ಡ್ ಕೆಟ್ಟ ವಸ್ತು ಅಂತ ನಾನು ಎಲ್ಲೂ ಹೇಳಿಲ್ಲ. 1948ರಲ್ಲಿ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಎದ್ದು ನಡೆದರು. ಆ ಕೆಲಸಕ್ಕೆ ಹೆಂಚ್, ಕೆಂಡಾಲ್, ರೈಷ್‌ಸ್ಟೈನ್ ಮೂವರಿಗೆ 1950ರಲ್ಲಿ ನೊಬೆಲ್ ಬಂತು. ನನ್ನ ಸಿಟ್ಟೆಲ್ಲ ಹೆಸರಿಲ್ಲದ ಪೊಟ್ಟಣದಲ್ಲಿ, ಹೇಳದೆ ಕೇಳದೆ ಸ್ಟೀರಾಯ್ಡ್ ಬೆರೆಸಿ ಮಾರುವವರ ಮೇಲೆ.

ಹೇಮಾವತಿ ದಂಡೆ, ಸಕಲೇಶಪುರ (ಮುಂದಿನ ಬುಧವಾರ, ರಾತ್ರಿ 9:00)

ಚೀಟಿ ಲ್ಯಾಮಿನೇಷನ್ ಆಯಿತು. ಅಮ್ಮ ಅದನ್ನು ತನ್ನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ, ಪರ್ಸಿಗಿಂತ ಅದೇ ಯಾವಾಗಲೂ ಸೊಂಟದಲ್ಲಿರುತ್ತೆ ಅಂತ. ಮೂರು ತಿಂಗಳಾದ ಮೇಲೆ ಎಸಿಟಿಹೆಚ್ ತರಹದ್ದೇ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆ, ಒಂದು ಗಂಟೆಗೆ ರಕ್ತ ತೆಗೆದು, ಅಡ್ರಿನಲ್ ಓಗೊಡುತ್ತಾ ನೋಡೋಣ ಅಂದಿದ್ದಾರೆ. ಮಂಡಿಗೆ ಈಗ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನೋವಿದೆ, ಇಲ್ಲ ಅನ್ನಲ್ಲ.

ನಮ್ಮ ಲೈನ್ ಮನೆಯಲ್ಲಿ ಕೇಳಿದೆ. ಅದೇ ಪುಡಿ ತಿನ್ನೋರು ಇನ್ನೂ ನಾಲ್ಕು ಜನ ಇದ್ದಾರೆ. "ನಿಲ್ಲಿಸಿ" ಅಂತ ಈ ಸಲ ಹೇಳಲಿಲ್ಲ. ಭಾನುವಾರ ನಾಲ್ವರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಪೊಟ್ಟಣವನ್ನೂ ಜೊತೆಗೆ ತರೋಕೆ ಹೇಳಿದ್ದೇನೆ. ಕೊಪ್ಪದ ಅಣ್ಣ, ಅಪ್ಪ ಹೇಗಿದ್ದಾರೆ?

ಅಡಿಕೆ ತೋಟ, ಕೊಪ್ಪ (ಮುಂದಿನ ಗುರುವಾರ, ಬೆಳಗ್ಗೆ 7:05)

ಕ್ಷಮಿಸಿ, ಬರೆಯಲು ಆಗಿರಲಿಲ್ಲ. ಅವತ್ತೇ ಅಡ್ಮಿಟ್ ಮಾಡಿಕೊಂಡರು. ಕಾರ್ಟಿಸೋಲ್ 2.1. ರಕ್ತದ ಸೋಡಿಯಂ 119. ಎರಡೂ ತುಂಬಾ ಕಡಿಮೆ. ಆಮೇಲೆ ಮಂಗಳೂರಿನಲ್ಲಿ ಎಂಆರ್‌ಐ ಆಯಿತು. ಪಿಟ್ಯುಟರಿ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ. ಥೈರಾಯ್ಡ್ ಮಾತ್ರೆ ನಿಲ್ಲಿಸಿ, ಮೊದಲು ಹೈಡ್ರೋಕಾರ್ಟಿಸೋನ್ ಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ಥೈರಾಯ್ಡ್ ಸೇರಿಸಿದರು. ಇದು ಜೀವನಪೂರ್ತಿ ಅಂತ ಹೇಳಿದ್ದಾರೆ. ಮಾತ್ರೆ ದುಬಾರಿಯೇನಲ್ಲ.

ನಿನ್ನೆ ಮನೆಗೆ ಬಂದೆವು. ಇವತ್ತು ಬೆಳಗ್ಗೆ ನಾನು ಏಳುವ ಮುಂಚೆ ಹಾಸಿಗೆ ಖಾಲಿ. ಗಾಬರಿಯಿಂದ ಹೊರಗೆ ಓಡಿದೆ. ಸ್ವೆಟರ್ ಜಗಲಿಯ ಕಂಬಕ್ಕೆ ನೇತಾಡುತ್ತಿತ್ತು. ಅಪ್ಪ ಗಂಬೂಟ್ ಹಾಕಿಕೊಂಡು, ಕೈಯಲ್ಲಿ ಉದ್ದ ಕೋಲು ಹಿಡಿದು, ತರಗೆಲೆ ಬಡಿಯುತ್ತಾ ಮೆಲ್ಲಗೆ ತೋಟಕ್ಕೆ ಇಳಿಯುತ್ತಿದ್ದರು.